ಹುಟ್ಟಿಗಿಟ್ಟ ಕುಂಕುಮ

ಐವತ್ತರ ಹತ್ತಿರ ಬಂದ ಇಬ್ಬರು ಹೆಂಗಸರು ಬೆಳಗಾಗುತ್ತಲೇ ಎದ್ದು ಸಾಬರಮತಿ ನದಿಗೆ ದೋಣಿ ನಡೆಸಲು ಹೋದರೆ ಏನಾದರೊಂದು ಆಗದೆ ಇರುವುದಿಲ್ಲ. ವಾಕಿಂಗ್ ಹೋಗುವವರಿಗೆ ಈ ಪಾಡಿಲ್ಲ. ಹೋಗುತ್ತಾರೆ, ಬರುತ್ತಾರೆ, ನಡುವೆ ಮೊಣಕಾಲು ನೋವಿನ ವಿಷಯ ಮಾತಾಡುತ್ತಾರೆ, ಅಷ್ಟೇ. ನಮಗೆ ಮಾತ್ರ ವಾರಕ್ಕೊಂದು ಫಜೀತಿ ಕಟ್ಟಿಟ್ಟದ್ದು. ಮನೆಯಲ್ಲಿ ಹೇಳಿದರೆ ನಗುತ್ತಾರೆ, ಆಫೀಸಿನಲ್ಲಿ ಹೇಳಿದರೆ ನಂಬುವುದಿಲ್ಲ. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಬೆನ್ನು ನೋಡಿ ಆದ ಸ್ನೇಹ

ನಾನು ಮೈಸೂರಿನವಳು. ಅಹಮದಾಬಾದಿನಲ್ಲಿ ವಿಮಾ ಕಚೇರಿಯೊಂದರಲ್ಲಿ ಕೆಲಸ. ನಮ್ಮ ಯಜಮಾನರು ಸಂಶೋಧನಾ ಸಂಸ್ಥೆಯೊಂದರಲ್ಲಿ ಉಪಗ್ರಹದ ಆಂಟೆನಾ ನೋಡಿಕೊಳ್ಳುವವರು. ಬೋಡಕ್‌ದೇವ್‌ನ ನಮ್ಮ ಅಪಾರ್ಟ್‌ಮೆಂಟಿಗೆ ಎರಡು ವರ್ಷದ ಹಿಂದೆ ಬ್ಯಾಂಕ್ ಮ್ಯಾನೇಜರೊಬ್ಬರು ಬಾಡಿಗೆಗೆ ಬಂದರು. ಧಾರವಾಡದ ಕಡೆಯವರು, ನನಗಿಂತ ನಾಲ್ಕೈದು ವರ್ಷ ಹಿರಿಯರು, ಗಂಡ ಊರಲ್ಲಿ, ಇವರು ಇಲ್ಲಿ. ಲಿಫ್ಟಿನಲ್ಲಿ ಫೋನ್ ಹಿಡಿದು ಧಾರವಾಡದ ಕನ್ನಡದಲ್ಲಿ ಯಾರಿಗೋ ಜೋರು ಮಾಡುತ್ತಿದ್ದರು. ನಾನು ಇಳಿಯಬೇಕಾದ ಮಹಡಿ ಬಿಟ್ಟು ಅವರ ಮಹಡಿಯವರೆಗೂ ಹೋದೆ. ಅಂದಿನಿಂದ ಅವರು ನನಗೆ ಅಕ್ಕ, ನಾನು ಅವರಿಗೆ ತಂಗಿ.

ನದಿಯ ದಂಡೆಯಲ್ಲಿ ನಲವತ್ತು ದಾಟಿದವರಿಗೂ ರೇಸಿನ ದೋಣಿ ನಡೆಸುವುದನ್ನು ಕಲಿಸುತ್ತಾರೆಂದು ಪತ್ತೆ ಮಾಡಿದವರು ಅಕ್ಕನೇ.

"ನಾ ಯಾವುದೂ ಪೂರಾ ಕಲತಿಲ್ಲ ತಂಗಿ," ಅಂದರು. "ವಡೋದರಾದ ಆಲ್ಕಾಪುರಿ ಬ್ರಾಂಚಿನ್ಯಾಗ ಇದ್ದಾಗ ಗರ್ಬಾ ಕ್ಲಾಸಿಗೆ ಹೋದೆ. ಚಪ್ಪಾಳಿ ತಟ್ಟೂದು ಬಂತು, ತಿರುಗೂದು ಬರೂದ್ರಾಗ ಸೂರತ್ತಿಗೆ ಒಗದ್ರು. ಅಲ್ಲಿ ಕತಾರ್‌ಗಾಮ್ ಬ್ರಾಂಚಿನ್ಯಾಗ ಇದ್ದಾಗ ಈಜಲಿಕ್ಕೆ ಹೋದೆ. ಅಂಗಾತ ತೇಲೂದು ಬಂತು. ಬೋರಲ ಈಜೂದು ಕಲಸೂದ್ರಾಗ ಮತ್ತ ಆರ್ಡರ್ ಬಂತು. ಅದಕ್ಕ ಮುಂಚೆ ಹಾರ್ಮೋನಿಯಂ, ಅದಕ್ಕೂ ಮುಂಚೆ ಬಂಗಾಳಿ. ಎಲ್ಲಾ ಅರ್ಧಾ ಅರ್ಧಾ. ಇದೊಂದರ ಪೂರಾ ಕಲತು ಹೋಗಬೇಕವಾ."

ನಗುತ್ತಲೇ ಹೇಳಿದರು. ಆದರೆ ಬ್ಯಾಂಕಿನವರಿಗೆ ಒಂದು ಊರು ಅಂದರೆ ಮೂರು ವರ್ಷ, ಹೆಚ್ಚೆಂದರೆ. ಅವರು ಅಹಮದಾಬಾದಿಗೆ ಬಂದು ಆಗಲೇ ಒಂದು ವರ್ಷ ಬೇರೆ ಮನೆಯಲ್ಲಿ ಕಳೆದಾಗಿತ್ತು. ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ.

ರೇಸಿನ ದೋಣಿಯಲ್ಲಿ ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂರಬೇಕು. ಇಬ್ಬರೂ ಒಂದೇ ಕಡೆ ಮುಖ, ಒಬ್ಬರ ಹಿಂದೆ ಒಬ್ಬರು, ತಲಾ ಎರಡು ಹುಟ್ಟು. ಅಕ್ಕನ ಬೆನ್ನಿನ ಹಿಂದೆ ನಾನು. ಮನೆಗೆ ಬಂದು ಮೊದಲ ದಿನದ ಅನುಭವ ವರ್ಣಿಸಿದಾಗ ನಮ್ಮ ಯಜಮಾನರು ಕೇಳಿದರು: "ಹೋದ ದಾರಿ ಕಾಣುತ್ತೆ, ಹೋಗೋ ದಾರಿ ಕಾಣಲ್ಲ, ಎದುರಿಗೆ ಬರೀ ಇನ್ನೊಬ್ಬರ ಬೆನ್ನು. ಇದಕ್ಕೆ ನೀನು ನದಿಗೆ ಯಾಕೆ ಹೋಗಬೇಕಿತ್ತು? ನಿಮ್ಮ ಆಫೀಸಲ್ಲೂ ಅದೇ ತಾನೇ?"

ದೋಣಿಗೆ ಬೈಗುಳ

ನಮ್ಮ ತರಬೇತುದಾರರು ನೌಕಾಪಡೆಯಿಂದ ನಿವೃತ್ತರಾದ ಗುಜರಾತಿ. ಬಿಳಿ ಮೀಸೆ, ಕಬ್ಬಿಣದಂಥ ಕಂಠ. ಹುಡುಗರಿಗೆ ಅವರು ಬೈಯುವುದನ್ನು ಆಚೆ ದಡದಲ್ಲಿ ವಾಕಿಂಗ್ ಮಾಡುವವರೂ ನಿಂತು ಕೇಳುತ್ತಾರೆ. ನಮ್ಮ ವಿಷಯದಲ್ಲಿ ಅವರಿಗೊಂದು ಸಂಕಟ. ಈ ಊರಿನಲ್ಲಿ ಹೆಂಗಸರನ್ನು ಬೆನ್ ಎನ್ನುತ್ತಾರೆ, ಅಂದರೆ ಅಕ್ಕ, ತಂಗಿ. ಒಮ್ಮೆ ಬೆನ್ ಅಂದ ಮೇಲೆ ಬೈಯುವುದು ಹೇಗೆ?

ಅದಕ್ಕೆ ಅವರೊಂದು ದಾರಿ ಕಂಡುಕೊಂಡಿದ್ದರು. ನಾವು ತಪ್ಪು ಮಾಡಿದಾಗಲೆಲ್ಲ ಮೋಟಾರು ದೋಣಿಯಲ್ಲಿ ಪಕ್ಕಕ್ಕೆ ಬಂದು ನಮ್ಮ ದೋಣಿಗೆ ಬೈಯುತ್ತಿದ್ದರು.

"ಏಯ್ ದೋಣಿ! ನೀರಿನ ಕಪಾಳಕ್ಕೆ ಹೊಡೀತಿದ್ದೀಯಾ? ಹುಟ್ಟಿನ ಅಲಗು ಸದ್ದಿಲ್ಲದೆ ಇಳೀಬೇಕು ಅಂತ ನಿನಗೆ ಎಷ್ಟು ಸಲ ಹೇಳಬೇಕು, ಮೂರ್ಖ ದೋಣಿ!" ಆಮೇಲೆ ನಮ್ಮ ಕಡೆ ತಿರುಗಿ ಮೆತ್ತಗೆ, "ನೀವು ಬೇಜಾರು ಮಾಡ್ಕೋಬೇಡಿ ಬೆನ್. ದೋಣಿಗೆ ಹೇಳಿದ್ದು."

ಅವರ ಪಾಠ ಎರಡೇ. ಮೊದಲ ದಿನದ ಪಾಠ: ನೀರಿನ ಮೇಲೆ ಇರುವಷ್ಟು ಹೊತ್ತು ಹುಟ್ಟಿನಿಂದ ಕೈ ಬಿಡಬಾರದು. ಹಲಗೆಯಷ್ಟು ಕಿರಿದಾದ ಆ ದೋಣಿ ಮಗುಚದೆ ನಿಲ್ಲುವುದೇ ಹುಟ್ಟುಗಳ ಆಧಾರದಿಂದ. "ದೇವರೇ ಎದುರು ಬಂದು ನಿಂತರೂ ಕೈ ಬಿಡಬೇಡಿ." ಕೊನೆಯ ಪಾಠ: ಹುಟ್ಟಿನ ತುದಿಯ ಅಗಲವಾದ ಅಲಗು ನೀರಿಗೆ ಸದ್ದಿಲ್ಲದೆ ಇಳಿಯಬೇಕು, ತಾನು ಮುಳುಗುವಷ್ಟೇ ಮುಳುಗಬೇಕು, ಅದಕ್ಕಿಂತ ಬೆರಳಗಲವೂ ಆಳಕ್ಕೆ ಹೋಗಬಾರದು. "ಇದು ಬಂದರೆ ಎಲ್ಲಾ ಬಂದ ಹಾಗೆ. ಬಹಳ ಜನಕ್ಕೆ ಬರೋದೇ ಇಲ್ಲ," ಎಂದರು.

ಈ ಮಾತು ಅಕ್ಕನ ತಲೆಗೆ ಹೊಕ್ಕು ಕೂತಿತು. ಪೂರಾ ಕಲಿಯುವುದು ಅಂದರೆ ಏನೆಂದು ಅವರಿಗೆ ಮೊದಲ ಸಲ ಯಾರೋ ಹೇಳಿದ್ದರು.

ಆದರೆ ಮೊದಲ ಪಾಠವೇ ಕಷ್ಟವಾಯಿತು. ದಡದ ಗುಡಿಯೊಂದರಲ್ಲಿ ನಾವು ಹೋಗುವ ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸುತ್ತಿದ್ದರು. ಗಂಟೆ ಕೇಳಿದ ತಕ್ಷಣ ಅಕ್ಕನ ಬಲಗೈ ಹುಟ್ಟು ಬಿಟ್ಟು ಎದೆಗೆ ಹೋಗುವುದು, ದೋಣಿ ಎಡಕ್ಕೋ ಬಲಕ್ಕೋ ಓಲಾಡುವುದು, ನಾನು ಹಿಂದೆ "ಅಕ್ಕಾ!" ಎಂದು ಚೀರುವುದು. ಕೊನೆಗೆ ತರಬೇತುದಾರರು ದೋಣಿಯನ್ನು ಗದರಿಸಿದರು: "ನೀನು ದೋಣಿ! ನಿನಗೇಕೆ ಭಕ್ತಿ?"

ಸಾರಿನ ಪ್ರಯೋಗ

ನಮ್ಮ ಅಲಗು ಆಳಕ್ಕೆ ಹೋಗುತ್ತದೆ, ನೀರು ಎಗರುತ್ತದೆ ಎಂದು ಊಟದ ಹೊತ್ತಿನಲ್ಲಿ ಹೇಳಿಕೊಂಡೆ. ಹೇಳಬಾರದಿತ್ತು. ಯಜಮಾನರು ಒಂದು ಭಾನುವಾರವಿಡೀ ಕಾಗದದ ಮೇಲೆ ಗೆರೆ, ಕೋನ, ಬಾಣದ ಗುರುತು ಎಳೆದರು. ಸೋಮವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಅಡುಗೆಮನೆಗೆ ಬಂದರು.

"ತೊಂದರೆ ಏನೂಂದ್ರೆ, ನೀವು ಅಲಗನ್ನ ತಳ್ತೀರಿ. ಅದನ್ನ ಬೀಳೋಕೆ ಬಿಡಬೇಕು. ಅದರ ಭಾರ ಅದೇ ನೋಡ್ಕೊಳುತ್ತೆ. ಇಲ್ಲಿ ನೋಡು." ಒಲೆಯ ಮೇಲಿದ್ದ ಸಾರಿನ ಪಾತ್ರೆಗೆ ಸೌಟನ್ನು ಸರಿಯಾದ ಕೋನದಲ್ಲಿ ಹಿಡಿದು, ಕೈ ಸಡಿಲಿಸಿ, ಬೀಳೋಕೆ ಬಿಟ್ಟರು.

ಅಂಗಿಯ ಮೇಲೆ, ಕನ್ನಡಕದ ಮೇಲೆ, ಗೋಡೆಯ ಮೇಲೆ ಸಾರು. ಒಂದು ಕರಿಬೇವಿನ ಎಸಳು ಜೇಬಿನ ಪೆನ್ನಿಗೆ ಅಂಟಿಕೊಂಡಿತ್ತು.

ಅವರು ಕನ್ನಡಕ ತೆಗೆದು ಒರೆಸಿಕೊಂಡು ಗಂಭೀರವಾಗಿ ಹೇಳಿದರು: "ಲೆಕ್ಕ ಸರಿಯಾಗೇ ಇದೆ. ನಿನ್ನ ಸಾರು ತೆಳ್ಳಗಾಯ್ತು."

ಬ್ಯಾಂಕಿನ ವ್ಯಾಯಾಮ

ಅಲಗು ನೀರಿನಿಂದ ಮೇಲೆ ಬಂದ ಕೂಡಲೇ ಹುಟ್ಟಿನ ಹಿಡಿಯನ್ನು ಬೆರಳಲ್ಲೇ ಉರುಳಿಸಿ ಅಲಗನ್ನು ಮಲಗಿಸಬೇಕು, ಮತ್ತೆ ಇಳಿಯುವ ಮುನ್ನ ಎಬ್ಬಿಸಿ ನಿಲ್ಲಿಸಬೇಕು. ಮಣಿಕಟ್ಟು ಮುರಿಯಬಾರದು, ಅಂದರೆ ಬಗ್ಗಬಾರದು. ಅಕ್ಕ ಇದನ್ನು ಬ್ಯಾಂಕಿನಲ್ಲೂ ಬಿಡಲಿಲ್ಲ. ಎರಡು ಕೈಯಲ್ಲಿ ಎರಡು ಪೆನ್ಸಿಲ್ ಹಿಡಿದು, ಗಿರಾಕಿಗಳ ದೂರು ಕೇಳುತ್ತಲೇ ಉರುಳಿಸುತ್ತಿದ್ದರು. ಮಲಗಿಸು, ನಿಲ್ಲಿಸು. ಮಲಗಿಸು, ನಿಲ್ಲಿಸು.

ಪಿಂಚಣಿ ವಿಚಾರಿಸಲು ಬಂದ ಹಿರಿಯರೊಬ್ಬರು ಸ್ವಲ್ಪ ಹೊತ್ತು ನೋಡಿದರು. ಮೆಲ್ಲಗೆ ಮುಂದೆ ಬಾಗಿ ಕೇಳಿದರು: "ಮ್ಯಾಡಂ, ಇದು ಯಾವುದಕ್ಕೆ? ಬಿ.ಪಿ.ಗಾ, ಶುಗರಿಗಾ?"

ಅಕ್ಕನ ಬಾಯಿಗೆ ದೋಣಿ, ನದಿ, ಅಲಗು ಎಲ್ಲ ವಿವರಿಸುವ ಪುರಸೊತ್ತಿರಲಿಲ್ಲ. "ಮನಸ್ಸಿಗೆ," ಅಂದುಬಿಟ್ಟರು.

ಮರುವಾರ ಅಕ್ಕ ಚೇಂಬರಿನಿಂದ ಹೊರಗೆ ಬಂದು ನೋಡಿದರೆ ಬೆಂಚಿನ ಮೇಲೆ ಕೂತ ಹಿರಿಯರೆಲ್ಲ ಎರಡು ಕೈಯಲ್ಲಿ ಪೆನ್ನು ಹಿಡಿದು ಉರುಳಿಸುತ್ತಿದ್ದಾರೆ. ಮೊದಲಿನವರು ನಡುವೆ ನಿಂತು ತಿದ್ದುತ್ತಿದ್ದಾರೆ. ಅಕ್ಕ ಆ ಸಂಜೆ ನನಗೆ ಹೇಳಿದ್ದು ಇಷ್ಟೇ: "ತಂಗಿ, ಅವರಿಗೆ ನಮಗಿಂತ ಚೊಲೋ ಬರ್ತದ. ಒಬ್ಬರದೂ ಮಣಿಕಟ್ಟು ಮುರೀಲಿಲ್ಲ ನೋಡವಾ!"

ಆಯುಧ ಪೂಜೆ

ನವರಾತ್ರಿಯಲ್ಲಿ ಈ ಊರು ಗರ್ಬಾ ಕುಣಿಯುತ್ತದೆ. ದಸರಾ ದಿನ ಫಾಫಡಾ ಎಂಬ ಕಡಲೆಹಿಟ್ಟಿನ ಕುರುಕಲಿಗೆ, ಜಿಲೇಬಿಗೆ ಸಾಲು ನಿಲ್ಲುತ್ತದೆ. ನಾವಿಬ್ಬರು ಮಾತ್ರ ಅರಿಶಿನ, ಕುಂಕುಮ, ಬೂದುಗುಂಬಳಕಾಯಿ ಹಿಡಿದು ದೋಣಿ ಮನೆಗೆ ಹೋದೆವು. ಸ್ಕೂಟರಿಗೆ, ಕುಕ್ಕರಿಗೆ, ಯಜಮಾನರ ಲ್ಯಾಪ್‌ಟಾಪಿಗೆ ಪೂಜೆ ಆಗಿ ಹುಟ್ಟುಗಳಿಗೆ ಆಗದಿದ್ದರೆ ಹೇಗೆ?

ತರಬೇತುದಾರರು ಬೇಡವೆನ್ನಲಿಲ್ಲ. ಕುತೂಹಲದಿಂದಲೇ ನಿಂತು ನೋಡಿದರು. ನಾಲ್ಕು ಹುಟ್ಟಿಗೂ ಅಲಗು ಮುಗಿದು ದಂಡ ಶುರುವಾಗುವ ಕಡೆ, ಒಂದು ಗೇಣು ಮೇಲಕ್ಕೆ, ಅಕ್ಕ ಅಚ್ಚುಕಟ್ಟಾಗಿ ಕುಂಕುಮವಿಟ್ಟರು. ನಾನು ಎರಡು ನಿಂಬೆಹಣ್ಣು ಹಿಡಿದು ದೋಣಿಯ ಸುತ್ತ ಸುತ್ತಿದೆ.

"ಏನು ಹುಡುಕ್ತಿದ್ದೀರಿ ಬೆನ್?"

"ಚಕ್ರ," ಎಂದೆ.

ಅಭ್ಯಾಸಬಲ ಅಂದರೆ ಅದು. ಚಕ್ರದ ಕೆಳಗಿಟ್ಟು ಗಾಡಿ ಹತ್ತಿಸುವುದೇ ಗೊತ್ತು ನಮಗೆ. ನಿಂಬೆಹಣ್ಣನ್ನು ಕೊನೆಗೆ ತರಬೇತುದಾರರು ಮನೆಗೆ ಒಯ್ದು ಪಾನಕ ಮಾಡಿಕೊಂಡರು.

ಅದೇ ಹುಟ್ಟುಗಳನ್ನು ಹಿಡಿದು ಒಂದು ಸುತ್ತು ಹೋಗಿ ಬಂದೆವು. ದಡಕ್ಕೆ ಬಂದು ನೋಡಿದರೆ ನಾಲ್ಕರಲ್ಲಿ ಒಂದರ ಮೇಲೂ ಕುಂಕುಮವಿಲ್ಲ. ಅಕ್ಕನ ಮುಖ ಬಾಡಿತು. ಕುಂಕುಮ ಅಳಿದದ್ದು ಒಳ್ಳೆಯದಲ್ಲ ಎಂಬ ಭಯ ಬೇರೆ. ತರಬೇತುದಾರರು ಮಾತ್ರ ಹುಟ್ಟನ್ನು ಎತ್ತಿ, ತಿರುಗಿಸಿ, ನಗಲು ಶುರು ಮಾಡಿದರು.

"ಬೆನ್, ವರ್ಷವಿಡೀ ನಾನು ಗಂಟಲು ಹರಕೊಂಡೆ, ಆಳಕ್ಕೆ ಹೋಗ್ತಿದೆ, ಆಳಕ್ಕೆ ಹೋಗ್ತಿದೆ ಅಂತ. ನೀವು ನಂಬಲಿಲ್ಲ. ಈಗ ನಿಮ್ಮ ದೇವರೇ ಹೇಳಿದ. ಅಲಗು ಎಷ್ಟು ಬೇಕೋ ಅಷ್ಟೇ ಮುಳುಗಿದ್ದರೆ, ನೀರು ಎಗರದಿದ್ದರೆ, ಈ ಬೊಟ್ಟು ಇಲ್ಲೇ ಇರಬೇಕಿತ್ತು."

ಅಂದಿನಿಂದ ಪ್ರತಿದಿನ ಹೊರಡುವ ಮುನ್ನ ಕುಂಕುಮ. ಬಂದ ಮೇಲೆ ಪರೀಕ್ಷೆ. ಮೊದಮೊದಲು ಎಲ್ಲ ಹೋಗುತ್ತಿತ್ತು. ಚಳಿಗಾಲದ ಹೊತ್ತಿಗೆ ಒಂದೊಂದು ಉಳಿಯತೊಡಗಿತು. ನಾಲ್ಕೂ ಮಾತ್ರ ಎಂದೂ ಉಳಿಯಲಿಲ್ಲ. ಹುಡುಗರು ನಮ್ಮನ್ನು ನೋಡಿ ನಕ್ಕರು, ಆಮೇಲೆ ಮೆಲ್ಲಗೆ ಬಂದು "ಆಂಟಿ, ನಮಗೂ ಸ್ವಲ್ಪ ಹಚ್ಚಿ" ಎಂದರು. ನನ್ನ ಕುಂಕುಮದ ಭರಣಿ ಹದಿನೈದು ದಿನಕ್ಕೊಮ್ಮೆ ಖಾಲಿಯಾಗುವುದನ್ನು ಕಂಡು ಕೆಲಸದ ಬೆನ್ ಕೇಳಿದಳು, "ನಿಮ್ಮ ಮನೆಯಲ್ಲಿ ಎಷ್ಟು ಜನ ಹೆಂಗಸರು?"

ಹನುಮಂತನ ಸಿಂಧೂರ

ಸಂಕ್ರಾಂತಿ ಕಳೆದು, ಗಾಳಿಪಟದ ದಾರಗಳೆಲ್ಲ ನದಿಯಿಂದ ಹೋದ ಮೇಲೆ, ತರಬೇತುದಾರರು ಒಂದು ಚಿಕ್ಕ ಡಬ್ಬಿ ತಂದರು. ತಮ್ಮ ಊರಿನ ಹನುಮಂತನ ಗುಡಿಯ ಕೇಸರಿ ಸಿಂಧೂರ. "ನಿಮ್ಮ ಕುಂಕುಮದ ಬದಲು ಇದನ್ನಿಟ್ಟು ನೋಡಿ ಬೆನ್. ಬಲ ಬರುತ್ತೆ."

ಇಟ್ಟೆವು. ಹೋಗಿ ಬಂದೆವು. ನಾಲ್ಕಕ್ಕೆ ನಾಲ್ಕೂ ಇತ್ತು!

ಅಕ್ಕ ದೋಣಿ ಹತ್ತುವ ಜೆಟ್ಟಿಯ ಮೇಲೆ ಕೂತು ಅತ್ತೇಬಿಟ್ಟರು. ತರಬೇತುದಾರರು ಮೀಸೆಯ ಮೇಲೆ ಕೈಯಾಡಿಸಿ, ಇದೇ ಮೊದಲ ಸಲ, ದೋಣಿಯನ್ನು ಹೊಗಳಿದರು. ವಾರವಿಡೀ ದಿನವೂ ನಾಲ್ಕಕ್ಕೆ ನಾಲ್ಕು. ನಾನು ಮನೆಯಲ್ಲಿ ಕೇಸರಿಬಾತು ಮಾಡಿದೆ.

ಶನಿವಾರ ಸಂಜೆ ಅಕ್ಕ ಬಾಗಿಲು ಬಡಿದರು. ಒಳಗೆ ಬರಲಿಲ್ಲ. ಬೆರಳು ನನ್ನ ಮುಂದೆ ಹಿಡಿದರು. ತುದಿ ಕೇಸರಿಯಾಗಿತ್ತು.

"ಮುಂಜಾನೆ ಹಚ್ಚಿದ್ದು. ಸಾಬೂನ ಹಚ್ಚಿ ತಿಕ್ಕಿದೆ, ಹೋಗಲಿಲ್ಲ. ಪಾತ್ರಿ ತಿಕ್ಕಿದೆ, ಹೋಗಲಿಲ್ಲ. ಇದರಾಗ ಎಣ್ಣಿ ಅದ ತಂಗಿ. ನದಿ ಬತ್ತಿ ಹೋದರೂ ಇದು ಹೋಗೂದಿಲ್ಲ."

ಹೌದಲ್ಲ! ಹನುಮಂತನ ಸಿಂಧೂರಕ್ಕೆ ಎಣ್ಣೆ ಕಲಸುತ್ತಾರೆ. ನಮಗೂ ಹೊಳೆಯಲಿಲ್ಲ, ಪ್ರತಿ ಶನಿವಾರ ಗುಡಿಗೆ ಎಣ್ಣೆ ಒಯ್ಯುವ ತರಬೇತುದಾರರಿಗೂ ಹೊಳೆಯಲಿಲ್ಲ.

"ಇರಲಿ ಬಿಡಿ ಅಕ್ಕ. ಪಾಪ, ಅವರಿಗೂ ಖುಷಿಯಾಗಿದೆ," ಎಂದೆ.

"ಬ್ಯಾಡ. ಅರ್ಧಾ ಬಂದದ್ದನ್ನ ಪೂರಾ ಬಂತು ಅಂತ ಹೇಳಿಕೊಂಡು ತಿರುಗೂದಕ್ಕಿಂತ, ಅರ್ಧಾನೇ ಬಂತು ಅನ್ನೂದು ಚೊಲೋ." ಆ ಮಾತು ಕೇಳಿ ನನಗೆ ನನ್ನ ಕೇಸರಿಬಾತಿನ ಮೇಲೆ ನಾಚಿಕೆಯಾಯಿತು.

ಮರುದಿನ ಇಬ್ಬರೂ ಸೀಗೆಪುಡಿ ಹಾಕಿ ಹುಟ್ಟು ತಿಕ್ಕಿದೆವು. ತರಬೇತುದಾರರು ವಿಷಯ ಕೇಳಿ ಡಬ್ಬಿಯ ಮುಚ್ಚಳ ಬಿಗಿದು ಜೇಬಿಗಿಟ್ಟುಕೊಂಡರು. ಆಮೇಲೆ ಹೇಳಿದರು: "ಹನುಮಂತ ಸಮುದ್ರ ಹಾರಿದವನು ಬೆನ್. ದೋಣಿ ವಿಷಯ ಅವನಿಗೇನು ಗೊತ್ತು!"

ನಾಲ್ಕಕ್ಕೆ ನಾಲ್ಕು

ಹೋಳಿ ಹಬ್ಬಕ್ಕೆ ಮುಂಚೆ ನಮ್ಮ ನದಿಯಲ್ಲೇ ಸ್ಪರ್ಧೆ ಎಂದು ಗೊತ್ತಾಯಿತು. ನಲವತ್ತು ದಾಟಿದ ಹೆಂಗಸರ ಜೋಡಿ ದೋಣಿಗೆ ಬಂದ ಹೆಸರು ಮೂರೇ: ಸೂರತ್, ವಡೋದರಾ, ನಾವು. ಬಿದ್ದೂ ಎದ್ದೂ ಮುಗಿಸಿದರೆ ಕಂಚು ಖಾತ್ರಿ.

ಅದೇ ವಾರ ಅಕ್ಕನಿಗೆ ಆರ್ಡರ್ ಬಂತು. ರಾಯಪುರ. ಸ್ಪರ್ಧೆಯ ಮರುವಾರವೇ ಹೋಗಿ ಸೇರಬೇಕು.

ಮರುದಿನ ಬೆಳಿಗ್ಗೆ ಇಬ್ಬರೂ ಜೆಟ್ಟಿಯ ಮೇಲೆ ಕೂತೆವು. ಅಕ್ಕ ನೀರು ನೋಡುತ್ತ ಹೇಳಿದರು: "ಈ ನೀರೂ ಸಾಬರಮತಿದಲ್ಲಂತ ತಂಗಿ. ನರ್ಮದಾದಿಂದ ಕಾಲುವಿಯೊಳಗ ಬಂದದ್ದಂತ. ಇದಕ್ಕೂ ಟ್ರಾನ್ಸ್‌ಫರ್ ಆಗೇದ ನೋಡು. ಆದ್ರ ಎಷ್ಟು ಚೊಲೋ ಹೊಂದಿಕೊಂಡದ. ಎಲ್ಲಾರೂ ಸಾಬರಮತಿ ಅಂತನ ಕರೀತಾರ." ಆಮೇಲೆ ನನ್ನ ಕಡೆ ತಿರುಗಿ, "ಪದಕ ಬ್ಯಾಡ ನನಗ. ಒಂದ ಸಲ, ಖರೇ ಕುಂಕುಮ, ನಾಲ್ಕಕ್ಕ ನಾಲ್ಕೂ ಉಳೀಬೇಕು. ಅಷ್ಟ."

ಎರಡು ವರ್ಷ ದಿನವೂ ನೋಡಿದ ಬೆನ್ನು ಇನ್ನು ಎಂಟು ಹತ್ತು ದಿನಕ್ಕೆ ಎದುರಿಗೆ ಇರುವುದಿಲ್ಲ.

ಸ್ಪರ್ಧೆಯ ದಿನ ತರಬೇತುದಾರರೇ ತಮ್ಮ ಕೈಯಾರೆ ನಾಲ್ಕು ಹುಟ್ಟಿಗೂ ಕುಂಕುಮವಿಟ್ಟರು. ಲೈಫ್ ಜಾಕೆಟ್ ತೊಟ್ಟು ಕೂತೆವು. ಹೊರಡುವ ಸದ್ದಾದ ಕೂಡಲೇ ಸೂರತ್ತಿನವರು ನೀರನ್ನು ಕಡೆದು ಹಾಕಿ ಮುಂದೆ ಹೋದರು. ವಡೋದರಾದವರು ಅವರ ಬೆನ್ನು ಹಿಡಿದರು. ಹಿಂದಕ್ಕೆ ಮುಖ ಮಾಡಿ ಕೂರುವುದರಲ್ಲಿ ಒಂದು ಅನನುಕೂಲವಿದೆ. ಕೊನೆಯಲ್ಲಿರುವವರಿಗೆ ಯಾರೂ ಕಾಣುವುದಿಲ್ಲ. ಖಾಲಿ ನದಿ, ಅಕ್ಕನ ಬೆನ್ನು, ಅದರ ಎಡಕ್ಕೊಂದು ಬಲಕ್ಕೊಂದು ಅವರ ಅಲಗು.

ಅಷ್ಟರಲ್ಲಿ ಏನೋ ಬದಲಾಯಿತು. ಮೊದಲು ನನ್ನ ಕಿವಿಗೆ ಗೊತ್ತಾಯಿತು. ಸದ್ದಿಲ್ಲ. ಅಲಗುಗಳು ಇಳಿಯುತ್ತಿವೆ, ಏಳುತ್ತಿವೆ, ಸದ್ದೇ ಇಲ್ಲ. ದೋಣಿಯ ಅಡಿಯಲ್ಲಿ ನೀರು ಜುಳುಜುಳು ಹರಿಯುವುದು ಮಾತ್ರ ಕೇಳುತ್ತಿದೆ. ಯಜಮಾನರು ಹೇಳಿದ ಹಾಗೆ ಯಾರೂ ತಳ್ಳುತ್ತಿರಲಿಲ್ಲ, ಅವು ತಾವೇ ಬೀಳುತ್ತಿದ್ದವು. ಗುಡಿಯ ಗಂಟೆ ಬಾರಿಸಿತು. ಅಕ್ಕನ ಕೈ ಅಲುಗಲಿಲ್ಲ. ನಾನು ಅವರ ಬೆನ್ನು ನೋಡುತ್ತ ಎಳೆದೆ. ಅಷ್ಟು ಸುಖವಾಗಿ ನಾನು ಇನ್ಯಾವತ್ತೂ ಸೋತಿಲ್ಲ.

ಗೆರೆ ದಾಟಿದ ಪೀಪಿ ಕೇಳಿಸಿತು. ಮೂರನೆಯವರು. ದಡದಲ್ಲಿ ಯಜಮಾನರೊಬ್ಬರೇ ಗೆದ್ದವರಿಗೆ ಹೊಡೆಯುವಷ್ಟು ಜೋರಾಗಿ ಚಪ್ಪಾಳೆ ಹೊಡೆಯುತ್ತಿದ್ದರು. ಅಕ್ಕ ಬಲಕ್ಕೆ ನೋಡಿದರು. ಎಡಕ್ಕೆ ನೋಡಿದರು. ನಾನೂ ನೋಡಿದೆ. ಅವರ ಎರಡರ ಮೇಲೂ ಇತ್ತು. ನನ್ನ ಎರಡರ ಮೇಲೂ ಇತ್ತು. ಬೆಳಗಿನ ಬಿಸಿಲಿಗೆ ಕೆಂಪಗೆ, ದುಂಡಗೆ, ಇಟ್ಟದ್ದು ಇಟ್ಟ ಹಾಗೆ.

ಕುಂಕುಮ ಅಷ್ಟು ಚೆನ್ನಾಗಿ ಕಂಡರೆ ನಮ್ಮ ಕಡೆಯವರು ಏನು ಮಾಡುತ್ತಾರೆ? ಅಕ್ಕ ಎರಡೂ ಕೈ ಎತ್ತಿ ಮುಗಿದರು. ಅವರು ಮುಗಿದದ್ದು ಕಂಡು ನಾನೂ ಮುಗಿದೆ.

ನಾಲ್ಕು ಹುಟ್ಟೂ ಒಟ್ಟಿಗೆ ಕೈಬಿಟ್ಟ ದೋಣಿ ಮಗುಚುವುದಕ್ಕೆ ಅಷ್ಟೇನೂ ಹೊತ್ತು ತೆಗೆದುಕೊಳ್ಳುವುದಿಲ್ಲ.

ನಾನು ಮೇಲೆ ಬಂದು, ಮಗುಚಿದ ದೋಣಿಯನ್ನು ಹಿಡಿದು, ಕೆಮ್ಮಿ, ಕಣ್ಣು ಒರೆಸಿಕೊಂಡು ಗಾಬರಿಯಿಂದ ಹುಡುಕಿದೆ. ಅಕ್ಕ ಸ್ವಲ್ಪ ದೂರದಲ್ಲಿ, ಕತಾರ್‌ಗಾಮ್‌ನಲ್ಲಿ ಕಲಿತಷ್ಟನ್ನೇ ಮಾಡುತ್ತಿದ್ದರು. ಅಂಗಾತ ತೇಲುತ್ತಿದ್ದರು. ಹಣೆಯ ಕುಂಕುಮ ಕೆನ್ನೆಗೆ ಇಳಿದಿತ್ತು. ಮುಖದ ತುಂಬ ನಗು.

"ತಂಗಿ! ಇತ್ತಲ್ಲ? ನೋಡಿದ್ಯಲ್ಲ?"

"ಇತ್ತು ಅಕ್ಕ. ನಾಲ್ಕಕ್ಕೆ ನಾಲ್ಕೂ. ನಾನು ಕಣ್ಣಾರೆ ನೋಡಿದೆ."

"ಹಂಗಾರ ಪೂರಾ ಬಂತು," ಎಂದು ಅಕ್ಕ ಆಕಾಶಕ್ಕೆ ಹೇಳಿದರು.

ತರಬೇತುದಾರರ ಮೋಟಾರು ದೋಣಿ ಧಾವಿಸಿ ಬಂತು. ಅವರ ಕಣ್ಣು ತುಂಬಿತ್ತು. ಮುಖ ಕೋಪಕ್ಕೆ ಕೆಂಪಾಗಿತ್ತು. ಅಕ್ಕನನ್ನು ನೋಡಿ ಬಾಯಿ ತೆರೆದರು, ಮುಚ್ಚಿದರು. ನನ್ನನ್ನು ನೋಡಿ ತೆರೆದರು, ಮುಚ್ಚಿದರು. ಕೊನೆಗೆ, ಹೊಟ್ಟೆ ಮೇಲು ಮಾಡಿ ಬಿದ್ದಿದ್ದ ಆ ಬಡಪಾಯಿ ದೋಣಿಯ ಕಡೆ ಬೆರಳು ತೋರಿಸಿ ಸಾಬರಮತಿಯ ಎರಡೂ ದಡಕ್ಕೆ ಕೇಳುವಂತೆ ಕೂಗಿದರು:

"ಏಯ್ ಮೂರ್ಖ ದೋಣಿ! ದೇವರೇ ಎದುರು ಬಂದರೂ ಕೈ ಮುಗೀಬೇಡ ಅಂತ ನಿನಗೆ ಮೊದಲ ದಿನವೇ ಹೇಳಿರಲಿಲ್ವಾ!"